ನೀರು ಕುಡಿದ ಮುದಕಪ್ಪ

ಪಾಳಾ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಮುದಕಪ್ಪನಿಗೆ ಯಾರ ಮನೆಯಲ್ಲೂ ಒಂದು ಗುಟುಕು ನೀರು ಸಿಕ್ಕಿದ್ದಿಲ್ಲ. ಜನ ಕೆಟ್ಟವರೆಂದಲ್ಲ, ಅವನ ಕೆಲಸವೇ ಅಂಥದ್ದು. ಯಾರಾದರೂ ತೀರಿಕೊಂಡರೆ ಬೀಗರಿಗೆ ಸುದ್ದಿ ಮುಟ್ಟಿಸುವವನು ಅವನು. ಸಾವಿನ ಸುದ್ದಿ ಹೊತ್ತವನು ಹೊಸ್ತಿಲು ದಾಟಬಾರದು, ಕೂಡಬಾರದು, ನೀರು ಮುಟ್ಟಬಾರದು. ಅಂಗಳದಲ್ಲಿ ನಿಂತು ಹೋದವರ ಪೂರ್ತಿ ಹೆಸರನ್ನು ಒಮ್ಮೆ ಕೂಗಿದರೆ ಮುಗಿಯಿತು. ಉಳಿದದ್ದನ್ನು ಒಳಗಿನ ಅಳುವೇ ಹೇಳುತ್ತಿತ್ತು.

ಆಮೇಲೆ ವಾಟ್ಸಾಪ್ ಬಂತು. ಉಸಿರು ನಿಲ್ಲುವುದಕ್ಕೂ ಹಾರ ಹಾಕಿದ ಫೋಟೋ ಗ್ರೂಪಿಗೆ ಬೀಳುವುದಕ್ಕೂ ನಡುವೆ ಎಡೆಯೇ ಉಳಿಯಲಿಲ್ಲ. ಬೆಳಿಗ್ಗೆ ಶುಭೋದಯ ಹೇಳಿದ ಜೋಡಿಗೈ ಇಮೋಜಿಗಳೇ ಮಧ್ಯಾಹ್ನ ಓಂ ಶಾಂತಿ ಹೇಳಿ, ಸಂಜೆ ಹುಟ್ಟುಹಬ್ಬಕ್ಕೂ ಹಾಜರಾಗುತ್ತಿದ್ದವು. ಸಾವಿನ ಕೆಲಸ ಕಳೆದುಕೊಂಡ ಮುದಕಪ್ಪ ಡೆಲಿವರಿ ಕೆಲಸ ಹಿಡಿದ.

"ಸೂಲಗಿತ್ತಿ ಆದಿ ಬಿಡಪಾ!" ಎಂದು ಮುಂಡಗೋಡ ಸಂತೆಯಲ್ಲಿ ನಕ್ಕರು.

ಮೊಪೆಡ್ಡಿನ ತುಂಬ ಪಾರ್ಸಲ್ಲು. ಆದರೆ ರೂಢಿ ಬಿಡಬೇಕಲ್ಲ? ಈಗಲೂ ಅಂಗಳದಲ್ಲೇ ನಿಂತು, ಡಬ್ಬದ ಮೇಲಿನ ಪೂರ್ತಿ ಹೆಸರು ಕೂಗುತ್ತಿದ್ದ. ಹುಡುಗರು ಓಡಿಬಂದು ಡಬ್ಬ ಕಸಿಯುತ್ತಿದ್ದರು. ಮುದುಕರು ಮಾತ್ರ ಗೋಡೆ ಹಿಡಿಯುತ್ತಿದ್ದರು.

ಒಂದು ಮಟಮಟ ಮಧ್ಯಾಹ್ನ ಕಾಶೆವ್ವನ ಅಂಗಳದಲ್ಲಿ ನಿಂತು ಕೂಗಿದ: "ಈರೇಶ ಚನಬಸಪ್ಪ ಹೊಸೂರ!"

ಈರೇಶ ಅವಳ ಒಬ್ಬನೇ ಮಗ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹಳಿಯಾಳಕ್ಕೆ ಹೋಗಿದ್ದ. ಬಾಗಿಲಿಗೆ ಬಂದ ಕಾಶೆವ್ವ ಮುದಕಪ್ಪನನ್ನು ನೋಡಿದಳು, ಅವನು ನಿಂತ ಜಾಗ ನೋಡಿದಳು, ಹಾಗೇ ಕುಸಿದು ಕೂತಳು.

"ಟ್ರ್ಯಾಕ್ಟರ್ ಮಗಚಿತೇನೋ?"

"ಏ ಯವ್ವಾ, ಪಾರ್ಸಲ್ ಐತಿ! ಮೊಬೈಲಿನ ಕವರು!"

"ಹಂಗಾರ ಒಳಗ ಬಾ. ನೀರ ಕುಡಿ."

ಮುದಕಪ್ಪ ಕಾಲೆತ್ತಿದ. ಕಾಲು ಹೊಸ್ತಿಲ ಮೇಲೆ ಗಾಳಿಯಲ್ಲೇ ನಿಂತಿತು. ಅವಳಿಗೆ ಮಗನ ದನಿ ಕೇಳಿಸಲೆಂದು ಈರೇಶನಿಗೆ ಫೋನ್ ಹಚ್ಚಿದ. ರಿಂಗಾಗಿ ರಿಂಗಾಗಿ ಸುಮ್ಮನಾಯಿತು.

"ನೋಡಿದ್ಯಾ, ಎತ್ತವಲ್ಲ," ಎಂದಳು ಕಾಶೆವ್ವ. "ಸುಳ್ಳ ಹೇಳಾಕತ್ತಿ. ನೀ ನೀರ ಕುಡದ್ರ ನನ್ನ ಮಗ ಅದಾನ. ಇಲ್ಲಂದ್ರ ಇಲ್ಲ."

ಮುದಕಪ್ಪ ಕಣ್ಣು ಮುಚ್ಚಿ ಹೊಸ್ತಿಲು ದಾಟಿದ. ಅವಳು ತಂಬಿಗೆ ಕೊಟ್ಟು ಗೋಡೆಗೆ ಒರಗಿದಳು. ಅವನು ಚಾಪೆಯ ಮೇಲೆ ಕೂತು ಗಟಗಟ ಕುಡಿದ. ಪರರ ಮನೆಯ ನೀರು ಇಷ್ಟು ತಂಪಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಕುಡದೆ ನೋಡ ಯವ್ವಾ. ಈಗರ ನಂಬ್ತಿ?"

ಕಾಶೆವ್ವ ಗೋಡೆಗೆ ಒರಗಿದಂತೆಯೇ ಇದ್ದಳು. ಕಣ್ಣು ಬಾಗಿಲ ಕಡೆಗೇ ತೆರೆದಿದ್ದವು. ಮುದಕಪ್ಪ ಅವಳ ಮೂಗಿನ ಬಳಿ ಬೆರಳಿಟ್ಟ. ಬೆರಳಿಗೆ ಏನೂ ತಾಕಲಿಲ್ಲ.

ಹೊರಗೆ ಟ್ರ್ಯಾಕ್ಟರಿನ ಸದ್ದು. ಈರೇಶ ಹಾಡಿಕೊಳ್ಳುತ್ತ ಇಳಿದ. ಮುದಕಪ್ಪ ದಡಬಡ ಎದ್ದು ಹೊಸ್ತಿಲು ದಾಟಿ ಹೊರಬಂದ. ಅಂಗಳದಲ್ಲಿ ತನ್ನ ಜಾಗದಲ್ಲಿ ನಿಂತ. ತುಟಿಯ ಮೇಲಿನ ನೀರು ಒರೆಸಿಕೊಂಡು, ಹಳೆಯ ದನಿಯಲ್ಲಿ ಒಮ್ಮೆ ಕೂಗಿದ.

"ಕಾಶೆವ್ವ ಚನಬಸಪ್ಪ ಹೊಸೂರ!"

ಈರೇಶ ನಕ್ಕ. ಜೇಬಿನಿಂದ ಫೋನ್ ತೆಗೆದು ಕೈ ಚಾಚಿದ.

"ಅವ್ವನ ಹೆಸರಿಲೆ ಅಲ್ಲೋ ಕಾಕಾ, ನನ್ನ ಹೆಸರಿಲೆ ಐತಿ ಅದು. ಓಟಿಪಿ ಹೇಳ್ಲೇನು?"