ಕಾಜಕ್ಕನ ಕೆನ್ನೆ

"ಇದು ಕೈಯೋ, ಮರದ ಸೌಟೋ? ಆಗಲ್ಲ ಅಂದ್ರೆ ಮನೇಲಿ ಮಲ್ಕೋಬೇಕು. ಗಿರಾಕಿ ಬಟ್ಟೆಗೆ ರಕ್ತ ಬಳೀಬಾರ್ದು."

ಅವಸರದ ಆರ್ಡರು, ಹೊರಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೊಲಿಗೆ ಅಂಗಡಿಯ ಹಿಂಕೋಣೆಯಲ್ಲಿ ಓಡುತ್ತಿದ್ದ ಮಿಷನ್‌ಗಳೆಲ್ಲ ಒಟ್ಟಿಗೇ ನಿಂತಿವೆ. ಕಟಿಂಗ್ ಮಾಸ್ಟರ್ ಬಿಳಿ ಕೋಟನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದಾನೆ. ಅದರ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ. ಕಾಜಕ್ಕ ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು ಕೋಟು ಈಸಿಕೊಳ್ಳುತ್ತಾರೆ, ತಣ್ಣೀರಲ್ಲಿ ಅದ್ದಿ ಉಜ್ಜುತ್ತಾರೆ. ಗುಂಡಿ ತೂರುವ ಕಂಡಿಯ ಅಂಚಿಗೆ ಕೈಯಿಂದ ನೂಲು ಸುತ್ತುವುದೇ ಕಾಜಾ. ಅದೇ ಇವರ ಕೆಲಸ, ಈಗ ಅದೇ ಹೆಸರು.

ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ ಎನ್ನುತ್ತಾರೆ. ಸುಳ್ಳಲ್ಲ. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ ಕಿಮೊ ಶುರುವಾದ ಮೇಲೆ ಕೂದಲು ಉದುರಿತು. "ಬಿಡೇ, ಎಣ್ಣೆ ಖರ್ಚು ಉಳೀತು" ಎಂದು ಅತ್ತೆ ನಗಿಸಿದರಂತೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತರಂತೆ. ಈರುಳ್ಳಿ ಬಾಣಲೆಗೆ ಬಿದ್ದರೆ ಸಾಕು, ವಾಂತಿ. ಗಂಡ ಒಲೆಯನ್ನೇ ಹಿತ್ತಲಿಗೆ ಸಾಗಿಸಿದ್ದಾರೆ. ನೀರು ಕುಡಿದರೂ ತುಕ್ಕು ನೆಕ್ಕಿದ ಹಾಗೆ. ಅದನ್ನೆಲ್ಲ ಹೇಗೋ ಸಂಭಾಳಿಸಿದರು. ಬೆರಳ ತುದಿಗೆ ಹಿಡಿದ ಜೋಮು ಮಾತ್ರ ಬಿಡಲಿಲ್ಲ. ಔಷಧಿ ಮುಗಿದ ಮೇಲೆ ಮೆಲ್ಲಗೆ ಇಳಿಯಬಹುದು ಎಂದಿದ್ದಾರೆ ಡಾಕ್ಟರು. ಮೆಲ್ಲಗೆ ಅಂತೆ! ಕೈಯನ್ನೇ ನಂಬಿದವರು ಅಲ್ಲಿಯತನಕ ಏನು ಮಾಡಬೇಕು? ಧೈರ್ಯವಂತೆ ಎಂದು ಬೆನ್ನು ತಟ್ಟಲು ಎಲ್ಲರೂ ಬರುತ್ತಾರೆ, ಬೆರಳು ಹೇಗಿದೆ ಎಂದು ಒಬ್ಬರೂ ಕೇಳುವುದಿಲ್ಲ.

ಮಾಸ್ಟರ್ ಕಾಜಾ ಕಸಿದುಕೊಂಡು ಗುಂಡಿ ವಿಂಗಡಿಸಲು ಕೂರಿಸುತ್ತಾನೆ. ಅಕ್ಕ ಗುಂಡಿ ಡಬ್ಬಿ ಎಳೆದುಕೊಳ್ಳುತ್ತಾರೆ. "ಗುಂಡಿ ಯಾರು ಬೇಕಾದ್ರೂ ಆರಿಸ್ತಾರೆ ಕಣಪ್ಪಾ. ಕಾಜಾ ನಂದು" ಎಂದು ಪಕ್ಕದ ಮಿಷನ್‌ನಲ್ಲಿ ಕೂತ ನನಗಷ್ಟೇ ಕೇಳುವಂತೆ ಹೇಳುತ್ತಾರೆ.

ಊಟದ ಬಿಡುವಿನಲ್ಲಿ ಬೆರಳಿಗೆ ಚರ್ಮದ ತುಂಡು ಸುತ್ತಿ, ಚಿಂದಿ ಬಟ್ಟೆಯೊಂದಕ್ಕೆ ಕಾಜಾ ಹಾಕಲು ಕೂರುತ್ತಾರೆ. ಒಂದೊಂದು ಹೊಲಿಗೆಗೂ ಬಟ್ಟೆಯನ್ನು ಕೆನ್ನೆಗೆ ಒತ್ತಿ, ಗಂಟು ಸಮ ಕೂತಿದೆಯೇ ಎಂದು ತಡವಿ ನೋಡುತ್ತಾರೆ. ಒರಟಾಗಿದ್ದರೆ ಬಿಚ್ಚಿ ಮತ್ತೆ ಹಾಕುತ್ತಾರೆ.

"ಬೆರಳು ರಜಾ ಹಾಕಿದೆ. ಕೆನ್ನೆ ಡ್ಯೂಟಿಗೆ ಬಂದಿದೆ" ಎನ್ನುತ್ತಾರೆ ನನ್ನತ್ತ ತಿರುಗಿ.

ಸಂಜೆ ಎಲ್ಲರೂ ಏಳುವ ಮೊದಲೇ ಎದ್ದು ಚಿಂದಿಯನ್ನು ಕಟಿಂಗ್ ಮೇಜಿನ ಮೇಲಿಡುತ್ತಾರೆ.

"ಮಾಸ್ಟ್ರೇ, ತಪ್ಪಿದ್ರೆ ತೋರ್ಸಿ. ಇಲ್ಲಾಂದ್ರೆ ನನ್ನ ಕೆಲ್ಸ ನಂಗೆ ಕೊಡಿ."

ಮಿಷನ್‌ಗಳು ಮತ್ತೆ ನಿಲ್ಲುತ್ತವೆ. ಮಾಸ್ಟರ್ ಅದನ್ನು ದೀಪಕ್ಕೆ ಹಿಡಿಯುತ್ತಾನೆ. ಹಿಂದೆ ಮುಂದೆ ತಿರುಗಿಸುತ್ತಾನೆ. ಉಗುರಿನಿಂದ ನೂಲು ಕೆದಕಿ ನೋಡುತ್ತಾನೆ. ಅಲುಗುವುದಿಲ್ಲ. ಚಿಂದಿಯನ್ನು ಮಡಚಿ ತನ್ನ ಜೇಬಿಗಿಳಿಸಿ, ಬೆಳಗಿನ ಬಿಳಿ ಕೋಟನ್ನು ಅಕ್ಕನ ಮುಂದಿಟ್ಟು ಹೊರಟುಹೋಗುತ್ತಾನೆ.