ಎಡಗೈ ತುಪ್ಪ

"ಈ ಕೈಯಿಂದ ಇವತ್ತಿನ ತನಕ ಒಂದು ತೊಟ್ಟು ನೆಲಕ್ಕೆ ಬಿದ್ದಿಲ್ಲ ಕಣ್ರೀ. ಹಾಲಾಗ್ಲಿ, ಸಾರಾಗ್ಲಿ, ತುಪ್ಪ ಆಗ್ಲಿ. ಬಿದ್ದಿದ್ದು ಕಂಡೋರು ಯಾರಾದ್ರೂ ಇದ್ರೆ ಮುಂದೆ ಬರ್ಲಿ!"

ಹೀಗೆಂದು ಪುಷ್ಪಕ್ಕ ಎಡಗೈ ಎತ್ತಿದರೆ, ಯಸಳೂರಿನಿಂದ ಸಕಲೇಶಪುರಕ್ಕೆ ಹೊರಟ ಬಸ್ಸು ತನ್ನನ್ನೇ ನಿಲ್ಲಿಸುತ್ತಿದ್ದಾರೆಂದು ಬ್ರೇಕು ಹಾಕುತ್ತಿತ್ತು. ಮುಂದೆ ಬಂದವರು ಮಾತ್ರ ಯಾರೂ ಇಲ್ಲ. ಆ ಕೈಯ ಎದುರು ಬರಲು ಬಿಸಿಲೆ ಕಾಡಿನ ಆನೆಯೂ ಎರಡು ಸಲ ಯೋಚಿಸುತ್ತಿತ್ತು.

ಹುಟ್ಟುವಾಗಲೇ ಅವಳು ಸೂಲಗಿತ್ತಿಯ ತುರುಬನ್ನು ಎಡಗೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳಂತೆ. ಬಿಡಿಸಲು ಮೂವರು ಬೇಕಾಯಿತೆಂದು ತವರಿನವರು ಹೇಳುತ್ತಾರೆ; ಇಬ್ಬರೇ ಸಾಕಾಯಿತು ಎನ್ನುವವರೂ ಇದ್ದಾರೆ. ಸೂಲಗಿತ್ತಿ ಈಗಿಲ್ಲವಾದ್ದರಿಂದ ಈ ತಕರಾರು ಇನ್ನೂ ಬಗೆಹರಿದಿಲ್ಲ.

ಶಾಲೆಗೆ ಹೋದಾಗ ಸ್ಲೇಟಿನ ಮೇಲೆ ಅವಳ ಕೈ ಬರೆದದ್ದನ್ನು ಅವಳ ಕೈಯೇ ಒರೆಸಿಕೊಂಡು ಹೋಗುತ್ತಿತ್ತು. 'ಅ' ಬರೆದು 'ಆ'ಗೆ ಬರುವಷ್ಟರಲ್ಲಿ 'ಅ' ಮಾಯ. ಮೇಷ್ಟರು ಬೆತ್ತ ತೆಗೆದು, "ಚಾಚೇ ಎಡಗೈಯ" ಎಂದರು. ಪುಟ್ಟ ಪುಷ್ಪಾ ಬಲಗೈ ಚಾಚಿದಳು.

"ಇದಕ್ಕೆ ಹೊಡೀರಿ ಸಾರ್. ಕೆಲ್ಸ ಮಾಡ್ದೆ ಸುಮ್ಮನೆ ಕೂತಿರೋದು ಇದೇಯ."

ಮೇಷ್ಟರ ಬೆತ್ತ ಗಾಳಿಯಲ್ಲೇ ನಿಂತಿತು. ಕೆಲವರ ಪ್ರಕಾರ ಅದು ಅಲ್ಲಿಂದ ಇಳಿದದ್ದು ಬೇಸಿಗೆ ರಜೆಗೆ.

ಅವ್ವನ ಕಾಟಕ್ಕೆ ಮಣಿದು, ಉಣ್ಣುವ ಕೆಲಸವೊಂದನ್ನು ಮಾತ್ರ ಪುಷ್ಪಾ ಬಲಗೈಗೆ ಬಿಟ್ಟುಕೊಟ್ಟಳು, ಸೋಮಾರಿಗೂ ಒಂದು ಉದ್ಯೋಗ ಇರಲಿ ಎಂದು. ಮಿಕ್ಕಿದ್ದೆಲ್ಲ ಎಡಗೈಯದೇ. ಹೊಂಗಡಹಳ್ಳದ ಕಡೆಯ ಮೃತ್ಯುಂಜಯನನ್ನು ಮದುವೆಯಾಗಿ ಬಂದ ಮೇಲೂ ಅದೇ ಕಾರುಬಾರು. ಅವಳು ತಟ್ಟುವ ಅಕ್ಕಿ ರೊಟ್ಟಿ ಉಲ್ಟಾ ದಿಕ್ಕಿಗೆ ತಿರುಗಿ ಅಗಲವಾಗುತ್ತಿತ್ತು. "ನುಂಗಿದ ಮೇಲೂ ಹೊಟ್ಟೆ ಒಳಗೆ ಹಂಗೇ ತಿರುಗ್ತೈತೆ ಮಾರಾಯ" ಎಂದು ಮೃತ್ಯುಂಜಯ ಸ್ನೇಹಿತರಿಗೆ ಹೇಳುತ್ತಿದ್ದ. ಹೇಳಿ ಇನ್ನೆರಡು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ.

ಭತ್ತ ಕುಯ್ಯಲು ಸಾಲಿನಲ್ಲಿ ನಿಂತರೆ ಎಲ್ಲರ ಕುಡುಗೋಲೂ ಒಂದು ಕಡೆಯಿಂದ ಬಂದರೆ ಇವಳದು ಇನ್ನೊಂದು ಕಡೆಯಿಂದ. ಪಕ್ಕದಲ್ಲಿದ್ದ ಆಳು ಲಕ್ಕಪ್ಪ ಗದ್ದೆಯ ಬದು ಹತ್ತಿ ನಿಂತುಬಿಟ್ಟ.

"ಅಕ್ಕೋರೆ, ನೀವು ಕೊನೇಲಿ ನಿಂತ್ಕಳಿ. ನಂಗಿನ್ನೂ ಮಗಳ ಮದುವೆ ಮಾಡೋದೈತೆ."

"ನಿನ್ ಕುಡುಗೋಲೂ ನನ್ ಕಡೀಕೇ ಬರ್ತೈತಲ್ಲೋ ಲಕ್ಕಪ್ಪ. ನಾನೇನು ಬದು ಹತ್ತಿದ್ನಾ?"

ಆದರೂ ಅವಳನ್ನು ಸಾಲಿನ ಕೊನೆಗೇ ನಿಲ್ಲಿಸಿದರು. ಪುಷ್ಪಕ್ಕ ಮಾರನೆಯ ದಿನ ಹಾನುಬಾಳಿನ ಬಸ್ಸು ಹತ್ತಿ, ಕಮ್ಮಾರನ ಎದುರು ಕೂತು, ಹಲ್ಲಿನ ಕಚ್ಚನ್ನು ಇನ್ನೊಂದು ಮಗ್ಗುಲಿಗೆ ಹಾಕಿಸಿ ತನ್ನದೇ ಕುಡುಗೋಲು ಮಾಡಿಸಿಕೊಂಡು ಬಂದಳು. ಆ ವರ್ಷ ಕೊನೆಯಲ್ಲಿ ನಿಂತವಳು ಗದ್ದೆಯ ಆ ತುದಿ ಮುಟ್ಟಿ, ಮನೆಗೆ ಹೋಗಿ, ಕಾಫಿ ಕಾಯಿಸಿಕೊಂಡು ವಾಪಸು ಬಂದರೂ ಮಿಕ್ಕವರು ನಡುಗದ್ದೆಯಲ್ಲೇ ಇದ್ದರಂತೆ.

ಇಂಥ ಕೈಗೆ ಆ ಮನೆಯಲ್ಲಿ ಒಂದು ಜಾಗ ಮಾತ್ರ ಸಿಕ್ಕಿರಲಿಲ್ಲ: ಪಂಕ್ತಿ.

ಪ್ರತಿ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಅಣ್ಣತಮ್ಮಂದಿರ ಮನೆಗಳೆಲ್ಲ ಸೇರಿ, ಮಠದ ಅಯ್ಯನವರನ್ನು ಕರೆಸಿ ಹೋಳಿಗೆ ಊಟ ಹಾಕುತ್ತಿದ್ದರು. ಅಯ್ಯನವರ ಎಲೆಗೆ ಮೊದಲ ತುಪ್ಪ ಯಾರು ಬಡಿಸುತ್ತಾರೋ ಅವರೇ ಮನೆಯ ಯಜಮಾನಿ. ಅದು ಬಾಯಲ್ಲಿ ಹೇಳುವ ಮಾತಲ್ಲ, ತುಪ್ಪ ಬೀಳುವುದನ್ನು ನೋಡಿ ಎಲ್ಲರೂ ತಿಳಿದುಕೊಳ್ಳುವ ಮಾತು. ಪುಷ್ಪಕ್ಕ ಬಂದಂದಿನಿಂದ ಬಡಿಸುತ್ತಿದ್ದವಳು ವಾರಗಿತ್ತಿ ನಾಗರತ್ನಮ್ಮ, ಅಂದರೆ ಭಾವ ಮಹಾದೇವಯ್ಯನವರ ಹೆಂಡತಿ. ಪುಷ್ಪಕ್ಕ ರುಬ್ಬಿದ್ದು, ಬೇಯಿಸಿದ್ದು, ಕಾಯಿಸಿದ್ದು ಎಲ್ಲವೂ ಪಂಕ್ತಿಗೆ ಹೋಗುತ್ತಿತ್ತು. ಅವಳು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾನು ಕಾಯಿಸಿದ ತುಪ್ಪ ಇನ್ನೊಬ್ಬರ ಕೈಯಿಂದ ಇಳಿಯುವುದನ್ನು ನೋಡುತ್ತಿದ್ದಳು.

ಈ ವರ್ಷ ನಾಗರತ್ನಮ್ಮನ ಮಂಡಿ ಕೈಕೊಟ್ಟಿತು. ಬಗ್ಗಿದರೆ ಏಳುವಂತಿಲ್ಲ. "ಇನ್ಮೇಲೆ ಪುಷ್ಪಂದೇ ಸರದಿ" ಎಂದು ಅವಳೇ ಹೇಳಿದಳು. ಮಹಾದೇವಯ್ಯನವರು ಕೆಮ್ಮಿದರು. ಅವರು ಕೆಮ್ಮಿದರೆ ಮೂರು ಎಸ್ಟೇಟಿನಾಚೆಗೆ ನಾಯಿ ಬೊಗಳುವುದು ವಾಡಿಕೆ.

"ಬಡಿಸ್ಲಿ, ಯಾರು ಬೇಡ ಅಂದ್ರು? ಬಲಗೈಲಿ ಬಡಿಸ್ಲಿ. ಆಗಲ್ಲ ಅಂದ್ರೆ ನನ್ ಸೊಸೆ ರಶ್ಮಿತಾ ಅವ್ಳೆ ಬಡಿಸೋಕೆ."

ಪುಷ್ಪಕ್ಕ ಮರು ಮಾತಾಡಲಿಲ್ಲ. ಅವಳು ಮಾತಾಡದಿದ್ದದ್ದನ್ನು ಕಂಡು ಮೃತ್ಯುಂಜಯನಿಗೆ ಜ್ವರ ಬಂದ ಹಾಗಾಯಿತು.

"ಒಂದ್ ದಿನದ ಮಟ್ಟಿಗೆ ಅಲ್ವೇನೇ? ಬಲಗೈಲಿ ಒಂದ್ ಸೌಟು ಹುಯ್ದುಬುಟ್ರೆ ಮುಗೀತು."

"ನೀವು ಒಂದ್ ದಿನದ ಮಟ್ಟಿಗೆ ಎಡಗೈಲಿ ಗಡ್ಡ ಕೆರ್ಕಳಿ ನೋಡಾಣ."

ಮೃತ್ಯುಂಜಯ ಗಲ್ಲ ಮುಟ್ಟಿಕೊಂಡ.

ಆದರೂ ಆ ತುಪ್ಪ ಅವಳಿಗೆ ಬೇಕಾಗಿತ್ತು. ಅದಕ್ಕೇ ಯಾರೂ ಕಾಣದಂತೆ ಹಿತ್ತಲಿಗೆ ಹೋಗಿ, ಸೌಟಿನಲ್ಲಿ ನೀರು ತುಂಬಿಕೊಂಡು ಬಲಗೈಯಲ್ಲಿ ಬಡಿಸುವ ಅಭ್ಯಾಸ ಮಾಡಿದಳು. ಹಾಸಿದ ಎಲೆಗೆ ನೀರು ಬೀಳಲಿಲ್ಲ. ಸೀರೆಗೆ ಬಿತ್ತು, ಬೆಕ್ಕಿಗೆ ಬಿತ್ತು, ಹಿತ್ತಲಿನ ಇರುವೆಗಳೆಲ್ಲ ಸಂಸಾರ ಸಮೇತ ಹೇಮಾವತಿ ದಾಟಿ ಆಲೂರಿನ ಕಡೆಗೆ ವಲಸೆ ಹೋದವು. ಪುಷ್ಪಕ್ಕ ಸೌಟು ಬಿಸಾಕಿದಳು. ತನ್ನದಲ್ಲದ ಕೈಯಿಂದ ಯಜಮಾನಿಯಾಗುವುದಾದರೆ ಯಜಮಾನಿಯಾದದ್ದು ಯಾರು? ಬಡಿಸಿದರೆ ಎಡಗೈ, ಇಲ್ಲದಿದ್ದರೆ ಇಲ್ಲ.

ಊಟದ ದಿನ ಬಂತು. ನಡುಮನೆಯಲ್ಲಿ ಎಲೆ ಹಾಸಿದರು. ನಡುವೆ ಅಯ್ಯನವರು, ಅವರ ಮಗ್ಗುಲಿಗೆ ಮಹಾದೇವಯ್ಯನವರು, ಆಮೇಲೆ ಮಿಕ್ಕ ಹಿರಿಯರು. ಎಲೆಗೆ ತುಪ್ಪ ಬಿದ್ದ ಮೇಲೆ ಎಡೆಯನ್ನು ಲಿಂಗಕ್ಕೆ ತೋರಿಸಿಯೇ ಅವರು ಉಣ್ಣುವುದು. ಅದಕ್ಕಾಗಿ ಎಲ್ಲರೂ ಆಗಲೇ ಕರಡಿಗೆ ಬಿಚ್ಚಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ತುಪ್ಪಕ್ಕೆ ಕಾಯುತ್ತಿದ್ದರು. ರಶ್ಮಿತಾ ಮೊಬೈಲು ಹಿಡಿದು ವಿಡಿಯೋಗೆ ಸಿದ್ಧಳಾಗಿದ್ದಳು.

ನಾಗರತ್ನಮ್ಮ ಪೆಟ್ಟಿಗೆಯಿಂದ ಮನೆತನದ ಹಿತ್ತಾಳೆ ಸೌಟನ್ನು ತೆಗೆದು ಪುಷ್ಪಕ್ಕನಿಗೆ ಕೊಟ್ಟಳು. ವರ್ಷಕ್ಕೊಮ್ಮೆ ಹೊರಬರುವ ಸೌಟು. ಬಾಗಿಲಲ್ಲಿ ನಿಂತು ದೂರದಿಂದ ನೋಡಿದ್ದಳೇ ಹೊರತು ಪುಷ್ಪಕ್ಕ ಅದನ್ನು ಮುಟ್ಟಿದ್ದು ಅದೇ ಮೊದಲು. ಬಲಗೈಯಲ್ಲಿ ತುಪ್ಪದ ಪಾತ್ರೆ, ಎಡಗೈಯಲ್ಲಿ ಸೌಟು ಹಿಡಿದು ಅವಳು ನಡುಮನೆಗೆ ಬಂದಾಗ ಪಂಕ್ತಿಯ ಕತ್ತುಗಳೆಲ್ಲ ಉದ್ದವಾದವು. ಹೋಳಿಗೆಯ ಮೇಲಿನ ಹಬೆಯೂ ಒಂದು ಗಳಿಗೆ ನಿಂತು ನೋಡಿತು. ಮಹಾದೇವಯ್ಯನವರು ಹುಬ್ಬು ಗಂಟಿಕ್ಕಿದರು. ಪುಷ್ಪಕ್ಕ ಆ ಹುಬ್ಬನ್ನು ದಾಟಿಕೊಂಡು ಅಯ್ಯನವರ ಎಲೆಯ ಎದುರು ಬಗ್ಗಿದಳು.

ಆ ಸೌಟಿನ ಒಂದು ಮಗ್ಗುಲಿಗೆ ಮಾತ್ರ ಗಿಳಿಯ ಮೂತಿಯಂಥ ಕೊಕ್ಕು ಇತ್ತು. ಬಲಗೈಯವರು ಓರೆ ಮಾಡಿದರೆ ಕೊಕ್ಕಿನಿಂದ ನೂಲಿನ ಹಾಗೆ ತುಪ್ಪ ಇಳಿಯುತ್ತದೆ. ಎಡಗೈಯವರು ಓರೆ ಮಾಡುವ ಮಗ್ಗುಲಲ್ಲಿ ಕೊಕ್ಕಿಲ್ಲ, ಬರೀ ಅಗಲ ಬಾಯಿ. ಪುಷ್ಪಕ್ಕ ಅಭ್ಯಾಸದಂತೆ ಓರೆ ಮಾಡಿದಳು. ತುಪ್ಪ ಒಂದೇ ಸಲಕ್ಕೆ ಹಳ್ಳ ಬಂದ ಹಾಗೆ ಬಂತು. ಅರ್ಧ ಅಯ್ಯನವರ ಹೋಳಿಗೆಗೆ. ಇನ್ನರ್ಧ ಎಲೆ ದಾಟಿ, ನೆಲ ದಾಟಿ, ಪಕ್ಕದಲ್ಲಿದ್ದ ಭಾವನ ರೇಷ್ಮೆ ಪಂಚೆಯ ತೊಡೆಯ ಮೇಲೆ.

ಒಂದು ತೊಟ್ಟೂ ಚೆಲ್ಲದ ಕೈ! ಚೆಲ್ಲಿದ ತುಪ್ಪದಲ್ಲಿ ಎರಡು ದೀಪಾವಳಿ ಕಳೆಯಬಹುದಿತ್ತು. ಪುಷ್ಪಕ್ಕನ ಕಿವಿ ಕೆಂಪಾಯಿತು. ಯಾರೋ ಕಿಸಕ್ಕೆಂದರು. ಮೃತ್ಯುಂಜಯ ತನ್ನ ಎಲೆಯ ಉಪ್ಪನ್ನು ಹಿಂದೆಂದೂ ಉಪ್ಪು ಕಾಣದವನಂತೆ ನೋಡತೊಡಗಿದ.

ಮಹಾದೇವಯ್ಯನವರ ದನಿ ಏರಿತು. "ನೋಡಿದ್ರಾ? ನಾನು ಬಡ್ಕಂಡೆ! ಎಡಗೈ ಮುಟ್ಟಿದ್ದೆಲ್ಲ ಹಿಂಗೇ ಆಗೋದು. ಶಿವನ ಎಡೆಗೆ ಆ ಕೈ ಬರಬಾರ್ದು ಕಣಮ್ಮ, ಅದು ಮೈಲಿಗೆ ಕೈ. ಕೊಡು, ಸೌಟು ರಶ್ಮಿತಂಗೆ ಕೊಡು."

ರಶ್ಮಿತಾ ಮೊಬೈಲು ಕೆಳಗಿಳಿಸಿದಳು. ಸೌಟಿಗೆ ಕೈ ಮಾತ್ರ ಚಾಚಲಿಲ್ಲ. ಪುಷ್ಪಕ್ಕ ಸೊಂಟ ನೆಟ್ಟಗೆ ಮಾಡಿ ನಿಂತಳು. ಸೌಟು ಅವಳ ಎಡಗೈಯಲ್ಲೇ ಇತ್ತು.

"ಚೆಲ್ತು ಭಾವನೋರೆ, ಇಲ್ಲ ಅನ್ನಲ್ಲ. ಕೊಕ್ಕು ಆ ಕಡೀಕೈತೆ ಅಂತ ನಾನು ನೋಡ್ಕಬೇಕಾಗಿತ್ತು. ಪಂಚೆ ನಾನೇ ಒಗೆದು ಕೊಡ್ತೀನಿ, ಇದೇ ಕೈಲಿ. ಆದ್ರೆ ಮೈಲಿಗೆ ಕೈ ಅಂದ್ರಲ್ಲ, ನಿಮ್ ಶಿವ ಈಗ ಯಾವ ಕೈ ಮೇಲೆ ಕೂತವ್ನೆ, ಒಂದ್ಸಲ ನೋಡ್ಕಳಿ."

ಪಂಕ್ತಿಯ ಕಣ್ಣುಗಳೆಲ್ಲ ಮಹಾದೇವಯ್ಯನವರ ಎಡ ಅಂಗೈಗೆ ತಿರುಗಿದವು. ಅಲ್ಲಿ ಲಿಂಗ ತಣ್ಣಗೆ ಕೂತಿತ್ತು. ಆಮೇಲೆ ಒಬ್ಬೊಬ್ಬರೂ ತಂತಮ್ಮ ಅಂಗೈ ನೋಡಿಕೊಂಡರು. ಅಯ್ಯನವರು ಮೀಸೆಯೊಳಗೆ ಏನನ್ನೋ ಅಡಗಿಸಿಕೊಂಡರು. ಮಹಾದೇವಯ್ಯನವರು ಬಾಯಿ ತೆರೆದರು. ಕೆಮ್ಮು ಕೂಡ ಬರಲಿಲ್ಲ.

ಪುಷ್ಪಕ್ಕ ಸೌಟನ್ನು ಪಾತ್ರೆಯಲ್ಲಿ ಅದ್ದಿ, ಈ ಸಲ ಮಣಿಕಟ್ಟನ್ನು ಹೊರಕ್ಕೆ ತಿರುಗಿಸಿ, ಕೊಕ್ಕನ್ನು ಭಾವನ ಎಲೆಯತ್ತ ಹಿಡಿದಳು.

"ಅವ್ನು ಇಳಿದು ನಿಮ್ ಬಲಗೈಗೆ ಹೋಗ್ಲಿ ಭಾವನೋರೆ, ಆಗ ನಾನೂ ಸೌಟು ಆ ಕೈಗೆ ತಗತೀನಿ. ಅಲ್ಲೀ ತನಕ ಎಲೆ ಮುಂದಕ್ಕೆ ಸರಿಸಿ, ತುಪ್ಪ ಹೆಪ್ಪುಗಟ್ತಾ ಐತೆ."