ಹಂಪ್ಸಿಗೊಂದು ಶಾಮಿಯಾನ

ನಮ್ಮ ರಸ್ತೆಯಲ್ಲಿ ಗುಂಡಿಗಳಿದ್ದ ಕಾಲವೇ ಚೆನ್ನಾಗಿತ್ತು ಎಂದರೆ ಅಕ್ಕಪಕ್ಕದವರು ನನ್ನ ಮೇಲೆ ಏರಿ ಬರುತ್ತಾರೆ. ಆದರೂ ಹೇಳುತ್ತೇನೆ. ಶಿವಮೊಗ್ಗದ ವಿದ್ಯಾನಗರದಲ್ಲಿ ನಾವಿರುವುದು ಎರಡು ದೊಡ್ಡ ರಸ್ತೆಗಳನ್ನು ಕೂಡಿಸುವ ಒಂದು ಅಡ್ಡರಸ್ತೆ. ಗುಂಡಿಗಳಿದ್ದಾಗ ಅಲ್ಲಿ ಎಂಥ ಶೂರನೂ ಎತ್ತಿನ ಗಾಡಿಯ ವೇಗಕ್ಕೆ ಇಳಿಯುತ್ತಿದ್ದ. ನಾವು ಸುಮ್ಮನಿರಲಾರದೆ ಪಾಲಿಕೆಗೆ ಅರ್ಜಿ ಹಾಕಿದೆವು, ನೆನಪಿಸಿದೆವು, ಮತ್ತೆ ನೆನಪಿಸಿದೆವು. ಕೊನೆಗೊಮ್ಮೆ ಹೊಸ ಡಾಂಬರು ಬಂತು. ಖುಷಿಗೆ ಕೇಸರಿಬಾತ್ ಮಾಡಿ ಹಂಚಿದೆವು. ಅದರ ಸಿಹಿ ಬಾಯಲ್ಲಿರುವಾಗಲೇ ಊರಿನ ಅವಸರದವರೆಲ್ಲ ನಮ್ಮ ರಸ್ತೆಯನ್ನು ಪತ್ತೆ ಹಚ್ಚಿಬಿಟ್ಟರು.

ಅವರಲ್ಲೊಬ್ಬನ ಬೈಕಿನ ಹ್ಯಾಂಡಲ್ಲಿಗೆ ನನ್ನ ಅಮ್ಮನ ಕೈಚೀಲ ಸಿಕ್ಕಿಕೊಂಡಿತು. ಅಮ್ಮ ಗಿರ್ರನೆ ತಿರುಗಿ ರಸ್ತೆಯ ಮೇಲೆ ಕೂತುಬಿಟ್ಟಳು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬೈಕಿನವನು ಗಾಡಿ ನಿಲ್ಲಿಸಿ ಓಡಿಬಂದು ಅತ್ತೇಬಿಟ್ಟ. ಅಮ್ಮನೇ ಅವನಿಗೆ ನೀರು ಕೊಟ್ಟು ಸಮಾಧಾನ ಮಾಡಿ ಕಳಿಸಿದಳು. ಆದರೆ ಅವತ್ತಿನಿಂದ ಅವಳು ಗೇಟಿನಿಂದ ಆಚೆ ಕಾಲಿಡಲಿಲ್ಲ.

ಇದರ ಗಂಭೀರತೆ ತಿಳಿಯಬೇಕಾದರೆ ಅಮ್ಮನನ್ನು ಸ್ವಲ್ಪ ತಿಳಿಯಬೇಕು. ಅವಳು ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಮಾಡಿ ನಿವೃತ್ತಳಾದವಳು. ಯಾರಿಗಾದರೂ ಏನಾದರೂ ಕಲಿಸದೆ ಹೋದರೆ ಅವಳಿಗೆ ಊಟ ಸೇರುವುದಿಲ್ಲ. ಉಳಿದಿದ್ದ ಒಬ್ಬಳೇ ವಿದ್ಯಾರ್ಥಿನಿ ಎದುರುಮನೆಯ ಆಂಟಿ. ಅವರು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಮನೆಮಾತು ತಮಿಳು, ಓದಿದ್ದೂ ತಮಿಳೇ. ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಬಾರದು. ಮೊಮ್ಮಗಳಿಗೆ ಕನ್ನಡದ ಕಥೆಪುಸ್ತಕ ಓದಿ ಹೇಳಬೇಕೆಂಬ ಆಸೆ ಹುಟ್ಟಿ ಅಮ್ಮನನ್ನು ಕೇಳಿಕೊಂಡರು. ಮಗಳು ಕೆಲಸಕ್ಕೆ ಹೋದಮೇಲೆ ಆ ಪುಟ್ಟ ಮೊಮ್ಮಗಳು ಇವರ ಸೊಂಟ ಬಿಟ್ಟು ಇಳಿಯುವುದಿಲ್ಲ. ಹಾಗಾಗಿ ಟೀಚರೇ ದಿನಾ ಮಧ್ಯಾಹ್ನ ರಸ್ತೆ ದಾಟಿ ಪಾಠಕ್ಕೆ ಹೋಗುವುದೆಂದಾಯಿತು. ಪಾಠ ಒತ್ತಕ್ಷರಕ್ಕೆ ಬಂದಿತ್ತು, ಅಷ್ಟರಲ್ಲಿ ಆ ಬೈಕು ಬಂತು.

ಮಗುವನ್ನೆತ್ತಿಕೊಂಡು ಆ ರಸ್ತೆ ದಾಟಲು ಆಂಟಿಗೂ ಧೈರ್ಯವಿರಲಿಲ್ಲ. ಆಮೇಲೆ ಪಾಠ ಫೋನಿನಲ್ಲಿ ನಡೆಯಿತು. ಅಮ್ಮ ನಮ್ಮ ಗೇಟಿನಲ್ಲಿ, ಆಂಟಿ ಅವರ ಗೇಟಿನಲ್ಲಿ, ನಡುವೆ ರಸ್ತೆ. ಇಬ್ಬರ ಗಂಟಲಿಗೂ ಫೋನಿನ ಅಗತ್ಯವೇ ಇರಲಿಲ್ಲ.

"ಮೊದ್ಲು ಕ ಬರೀರಿ. ಅದರ ಕೆಳಗೆ ಒತ್ತು ಕೊಡಿ, ಹಿಂಗೆ," ಎಂದು ಅಮ್ಮ ಗಾಳಿಯಲ್ಲಿ ಬೆರಳಾಡಿಸುವಳು. ಅಷ್ಟರಲ್ಲಿ ನಡುವೆ ಒಂದು ಗೂಡ್ಸ್ ಆಟೊ ಹಾದುಹೋಗುವುದು.

"ಕಾಣ್ಲಿಲ್ಲ ಟೀಚರಮ್ಮ, ಇನ್ನೊಂದ್ ಸಲ," ಎನ್ನುವರು ಆಂಟಿ.

ಹೀಗೆ ಸ್ವಲ್ಪ ದಿನ ಎಳೆದಾಡಿ ಪಾಠ ನಿಂತೇಹೋಯಿತು. ಅಮ್ಮ ಮಧ್ಯಾಹ್ನ ಮಲಗಲು ಶುರುಮಾಡಿದಳು. ಅವಳು ಹಗಲಲ್ಲಿ ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡವಳಲ್ಲ. ನಾನು ಭದ್ರಾವತಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಬೆಳಗ್ಗೆ ಹೋದರೆ ಬರುವುದು ಸಂಜೆ. ಭಾನುವಾರವಾದರೂ ಕೈಹಿಡಿದು ದಾಟಿಸುತ್ತೇನೆ ಎಂದೆ. "ಕೈ ಹಿಡ್ಕೊಂಡು ಬಿಟ್ಟು ಬರೋಕೆ ನಾನೇನ್ ಒಂದನೇ ಕ್ಲಾಸಾ?" ಎಂದು ಗದರಿ ಆ ಕಡೆ ತಿರುಗಿ ಮಲಗಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಮ್ಮ ತಾನಾಗಿ ಆ ರಸ್ತೆ ದಾಟಬೇಕು, ನನಗೆ ಬೇಕಾಗಿದ್ದುದು ಅಷ್ಟೇ. ಅದಕ್ಕೆ ಮನೆಯ ಮುಂದೊಂದು ಹಂಪ್ಸ್ ಬೇಕು, ದಾಟಲು ಬಿಳಿ ಪಟ್ಟೆ ಬೇಕು ಎಂದು ತೀರ್ಮಾನಿಸಿದೆ.

ನಮ್ಮ ರಸ್ತೆಗೊಂದು ಸಂಘವಿದೆ, ಅದಕ್ಕೊಬ್ಬರು ಅಧ್ಯಕ್ಷರಿದ್ದಾರೆ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು, ಒಳ್ಳೆಯವರು. ಯಾವ ಕೆಲಸವನ್ನೂ ಸಣ್ಣದಾಗಿ ಮಾಡಲು ಬಾರದು ಎಂಬುದೊಂದೇ ಅವರ ದೋಷ. ಅವರನ್ನು ಕರೆದುಕೊಂಡು ಪಾಲಿಕೆಗೆ ಹೋದೆ. ಟಪಾಲು ತೆಗೆದುಕೊಳ್ಳುವ ಗುಮಾಸ್ತರು ಅಧ್ಯಕ್ಷರನ್ನು ನೋಡಿದವರೇ ಗುರುತು ಹಿಡಿದರು.

"ಸರ್, ಹೋದ್ಸಲ ರಸ್ತೆ ತಗ್ಗಾಗಿದೆ, ಸಪಾಟ್ ಮಾಡ್ಕೊಡಿ ಅಂತ ಬಂದಿದ್ರಿ. ಈಗ ಸಪಾಟಾಗಿದೆ, ಉಬ್ಬಿಸ್ಕೊಡಿ ಅಂತೀರಾ?"

ಅಧ್ಯಕ್ಷರು ಅರ್ಜಿಯನ್ನು ನನ್ನ ಕೈಗೆ ದಾಟಿಸಿದರು. ಗುಮಾಸ್ತರು ನನ್ನ ಕಡೆ ತಿರುಗಿ, "ಮೇಡಂ ಯಾವ ಊರೋರು?" ಎಂದರು. ನಮ್ಮಲ್ಲಿ ಅರ್ಜಿ ಓದುವ ಮೊದಲು ಅರ್ಜಿ ತಂದವರ ಊರು ಕೇಳುತ್ತಾರೆ. ಇದು ಯಾವ ನಿಯಮದಲ್ಲೂ ಇಲ್ಲ, ಆದರೆ ಕೇಳದೆ ಇದ್ದರೆ ಮರ್ಯಾದೆಯಲ್ಲ. ಕುಂಸಿ ಎಂದೆ. ಅವರ ಹೆಂಡತಿಯ ತವರೂ ಕುಂಸಿಯೇ. ಯಾರ ಮನೆ, ಬಸ್ ಸ್ಟ್ಯಾಂಡಿನಿಂದ ಎಡಕ್ಕೋ ಬಲಕ್ಕೋ, ನಿಮ್ಮ ಚಿಕ್ಕಪ್ಪ ಈಗ ಎಲ್ಲಿದ್ದಾರೆ ಎಂಬುದೆಲ್ಲ ಮುಗಿದ ಮೇಲೆ ಅರ್ಜಿಗೆ ಸೀಲು ಬಿತ್ತು.

"ಆದ್ರೆ ಮೇಡಂ, ಕೇಳ್ದೋರ್ ಮನೆ ಮುಂದೆಲ್ಲ ಹಂಪ್ಸ್ ಹಾಕ್ತಾ ಹೋದ್ರೆ ಕೋಟೆ ರಸ್ತೆಯಿಂದ ಇಲ್ಲಿಗ್ ಬರೋ ಅಷ್ಟೊತ್ತಿಗೆ ಯಾರ ಸೊಂಟಾನೂ ಉಳಿಯಲ್ಲ. ಇಂಜಿನಿಯರ್ ಸಾಹೇಬ್ರು, ಟ್ರಾಫಿಕ್ ಸ್ಟೇಷನ್ನಿನೋರು ಇಬ್ರೂ ಬಂದು ಜಾಗ ನೋಡ್ಬೇಕು. ಗಾಡಿಗಳು ಜೋರಾಗಿ ಓಡ್ತಿರೋದನ್ನ ಅವ್ರು ಕಣ್ಣಲ್ಲಿ ಕಂಡ್ರೆ ಆಯ್ತು," ಎಂದರು.

ಅವರು ನೋಡಲು ಬರುವ ದಿನವನ್ನೂ ಮುಂದಾಗಿಯೇ ತಿಳಿಸಿದರು. ಆಗ ಶುರುವಾಯಿತು ನೋಡಿ ನಮ್ಮವರ ಉಪಚಾರ. ಅಧಿಕಾರಿಗಳು ಮನೆಬಾಗಿಲಿಗೆ ಬರುವಾಗ ಬಿಸಿಲಲ್ಲಿ ನಿಲ್ಲಿಸುವುದು ಹೇಗೆ ಎಂದು ಅಧ್ಯಕ್ಷರು ವಾಟ್ಸಾಪ್ ಗುಂಪಿನಲ್ಲಿ ಕೇಳಿದರು. ಶಾಮಿಯಾನ ಹಾಕಿಸೋಣ ಎಂದರು ಒಬ್ಬರು. ಶಾಮಿಯಾನ ಹಾಕಿದ ಮೇಲೆ ಕುರ್ಚಿ ಬೇಡವೇ ಎಂದರು ಇನ್ನೊಬ್ಬರು. ಕುರ್ಚಿ ಇದ್ದಮೇಲೆ ಶಾಲು, ಹಾರ, ಮೈಸೂರು ಪೇಟ. ಉಪ್ಪಿಟ್ಟಿನ ಜವಾಬ್ದಾರಿ ನಾನೇ ವಹಿಸಿಕೊಂಡೆ. ಕಾಲೇಜಿನಲ್ಲಿ ಪಾಠ ಮಾಡುವ ನನ್ನನ್ನೂ ಸೇರಿಸಿ ಒಬ್ಬರಿಗೂ ಇದರಲ್ಲಿ ಏನೋ ಎಡವಟ್ಟಿದೆ ಎಂದು ಅನ್ನಿಸಲೇ ಇಲ್ಲ.

ಆ ದಿನ ನಾನು ರಜೆ ಹಾಕಿದ್ದೆ. ನಮ್ಮ ಮನೆಯ ಕಡೆಯ ಅರ್ಧ ರಸ್ತೆಯನ್ನು ಶಾಮಿಯಾನ ನುಂಗಿತ್ತು. ರಸ್ತೆ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟಿದ್ದರು. ಇಂಜಿನಿಯರ್ ತೆಳ್ಳಗಿನ, ನಾಚಿಕೆ ಸ್ವಭಾವದ ಮನುಷ್ಯ. ಪೇಟ ತಲೆಗೆ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತ್ತು. ಅವರ ಜೊತೆ ಬಂದಿದ್ದ ಟ್ರಾಫಿಕ್ ಸ್ಟೇಷನ್ನಿನವರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಆಂಟಿ ಮೊಮ್ಮಗಳನ್ನು ಎತ್ತಿಕೊಂಡು ಆರಾಮಾಗಿ ರಸ್ತೆ ದಾಟಿ ಬಂದು, ಗೇಟಿನೊಳಗೇ ಕುರ್ಚಿ ಹಾಕಿಕೊಂಡಿದ್ದ ಅಮ್ಮನ ಪಕ್ಕದಲ್ಲಿ ಕೂತರು. ನನಗೆ ಆಗಲೇ ಹೊಳೆಯಬೇಕಿತ್ತು.

"ನಮ್ ಭದ್ರಾವತೀಲಿ ಶಿಫ್ಟ್ ಬಿಟ್ರೆ ಹೊಳೆ ಥರ ಸೈಕಲ್ ಬರೋದು ಸರ್. ಆದ್ರೂ ಒಬ್ರೂ ಗುದ್ತಾ ಇರ್ಲಿಲ್ಲ. ಇಲ್ಲಿ ಬೈಕ್ನೋರಿಗೆ ಕಣ್ಣೇ ಇಲ್ಲ," ಎಂದು ಆಂಟಿ ಇಂಜಿನಿಯರಿಗೆ ಹೇಳಿದರು.

ಇಂಜಿನಿಯರ್ ಹಾರ ತೆಗೆದಿಟ್ಟು, ರಸ್ತೆಯ ಅಂಚಿಗೆ ಹೋಗಿ ಬಹಳ ಹೊತ್ತು ನಿಂತು ನೋಡಿದರು. ಉಳಿದ ಅರ್ಧ ರಸ್ತೆಯಲ್ಲಿ ಬೈಕು, ಕಾರು, ಆಟೊಗಳೆಲ್ಲ ಒಂದರ ಹಿಂದೊಂದು, ಮದುವೆ ಮೆರವಣಿಗೆಯ ಹಾಗೆ ತೆವಳುತ್ತಿದ್ದವು. ಕೆಲವರು ಒಳಗೆ ಯಾರ ಮದುವೆ ಎಂದು ಇಣುಕಿ ನೋಡುತ್ತಿದ್ದರು.

"ಸರ್, ಇಲ್ಲಿ ಯಾರೂ ಜೋರಾಗಿ ಹೋಗ್ತಾನೇ ಇಲ್ವಲ್ಲ," ಎಂದರು ಇಂಜಿನಿಯರ್, ನಮಗಿಂತ ಹೆಚ್ಚು ಸಂಕೋಚದಿಂದ.

"ಇವತ್ತು ಹಂಗೆ ಸರ್. ದಿನಾ ಹಂಗಲ್ಲ," ಎಂದರು ಅಧ್ಯಕ್ಷರು.

"ಇರ್ಬೋದು. ಆದ್ರೆ ನಾನ್ ನೋಡಿದ್ದನ್ನ ತಾನೆ ಬರೀಬೇಕು?"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶಾಲು ಹೊದ್ದುಕೊಂಡೇ ಜೀಪು ಹತ್ತಿದರು. ಸಂಜೆ ಶಾಮಿಯಾನದ ಕಂಬ ಕಿತ್ತ ಹತ್ತು ನಿಮಿಷಕ್ಕೆ ಬೈಕುಗಳು ಮೊದಲಿನ ಹಾಗೆ ಸುಂಯ್ಯನೆ ಹಾರತೊಡಗಿದವು. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಉಪ್ಪಿಟ್ಟಿನ ಪಾತ್ರೆಯ ಮೇಲೆ ಮಾಡಿಕೊಂಡೆ. ವಾಟ್ಸಾಪ್ ಗುಂಪಿನಲ್ಲಿ ಶಾಮಿಯಾನದ ಸಲಹೆ ಕೊಟ್ಟವರು ಸದ್ದಿಲ್ಲದೆ ತಮ್ಮ ಮೆಸೇಜು ಅಳಿಸಿದರು. ಅಮ್ಮ ಮಾತ್ರ ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಶಾಮಿಯಾನನೇ ಇಟ್ಕೊಂಡ್ಬಿಡ್ರೇ. ಹಂಪ್ಸ್ ಯಾಕೆ ಮಾರಾಯ್ತಿ?" ಎಂದಳು. ನಗು ನಿಂತ ಮೇಲೆ, "ಹೋಗ್ಲಿ ಬಿಡು. ಎದುರುಮನೆಯೋರಿಗೆ ಓದೋಕ್ ಬರ್ದೇ ಇದ್ರೆ ಪ್ರಪಂಚ ಏನ್ ಮುಳುಗಲ್ಲ," ಎಂದು ಒಳಗೆ ಹೋದಳು. ಅಮ್ಮನ ಬಾಯಲ್ಲಿ ಅಂಥ ಮಾತು ಕೇಳಿ ನನಗೆ ಅವತ್ತಿನ ಸಿಟ್ಟೆಲ್ಲ ಇಳಿದು ಮತ್ತೆ ಹೆದರಿಕೆಯಾಯಿತು.

ಮಾರನೆಯ ವಾರ ಮತ್ತೆ ಪಾಲಿಕೆಗೆ ಹೋದೆ, ಒಬ್ಬಳೇ. ಗುಮಾಸ್ತರಿಗೆ ಅಮ್ಮನ ವಿಷಯ, ಪಾಠದ ವಿಷಯ, ಮಧ್ಯಾಹ್ನದ ನಿದ್ದೆಯ ವಿಷಯ, ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

"ಸಾಹೇಬ್ರಿಗೆ ನಾನ್ ಹೇಳ್ತೀನಿ. ಇನ್ನೊಂದ್ಸಲ ಬರ್ತಾರೆ. ಆದ್ರೆ ಯಾವತ್ತು ಅಂತ ನಿಮ್ಗೂ ಹೇಳಲ್ಲ, ಬೇಜಾರ್ ಮಾಡ್ಕೋಬೇಡಿ," ಎಂದರು. ಪೆನ್ನು ಮತ್ತೆ ಕೈಗೆತ್ತಿಕೊಂಡು, "ಉಪ್ಪಿಟ್ ಚೆನ್ನಾಗಿತ್ತಂತೆ," ಎಂದೂ ಸೇರಿಸಿದರು.

ಅವರು ಬಂದದ್ದು ಒಂದು ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ. ಮೊದಲು ಕಂಡವರು ಆಂಟಿ. ತಕ್ಷಣ ಅಮ್ಮನಿಗೆ ಫೋನು ಮಾಡಿದರು. "ಟೀಚರಮ್ಮ, ಪೇಟದೋರು ಬಂದಿದಾರೆ. ಮೂಲೇಲಿ ಹೂವಿನ ಅಂಗಡಿ ಹತ್ರ ನಿಂತಿದಾರೆ."

"ಅಧ್ಯಕ್ಷರಿಗೆ ಹೇಳಿದ್ರಾ?" ಎಂದು ಕೇಳಿದಳಂತೆ ಅಮ್ಮ.

"ಇಲ್ಲ."

"ಹೇಳ್ಬೇಡಿ. ಅವ್ರಿಗ್ ಗೊತ್ತಾದ್ರೆ ಕುರ್ಚಿ ತರ್ತಾರೆ."

ಇಬ್ಬರೂ ತಮ್ಮ ತಮ್ಮ ಗೇಟಿನ ಹಿಂದೆ, ಫೋನು ಕಿವಿಗಿಟ್ಟುಕೊಂಡು, ಉಸಿರು ಬಿಗಿಹಿಡಿದು ನೋಡಿದರಂತೆ. ಇಂಜಿನಿಯರ್ ರಸ್ತೆ ದಾಟಲು ಒಂದು ಕಾಲು ಮುಂದಿಟ್ಟರು, ಒಂದು ಬೈಕು ಮೂಗಿನ ಮುಂದೆಯೇ ಹೋಯಿತು, ಹಿಂದಕ್ಕೆ ಹಾರಿದರು. ಟ್ರಾಫಿಕ್ ಸ್ಟೇಷನ್ನಿನವರು ಸೀಟಿ ಊದಿದರು, ಆದರೆ ಬೈಕು ಆಗಲೇ ಆ ತುದಿ ಮುಟ್ಟಿತ್ತು. ನಮ್ಮ ರಸ್ತೆಯ ಬೈಕುಗಳ ವೇಗಕ್ಕೆ ಅಮ್ಮ ಖುಷಿಪಟ್ಟದ್ದು ಅದೊಂದೇ ದಿನ. ಸಂಜೆ ನಾನು ಮನೆಗೆ ಬಂದಾಗ ಇಡೀ ಪ್ರಸಂಗವನ್ನು ಅಭಿನಯಿಸಿ ತೋರಿಸಿದಳು.

ತಿಂಗಳೊಪ್ಪತ್ತಿನಲ್ಲಿ ಹಂಪ್ಸ್ ಬಂತು, ಅದರ ಪಕ್ಕದಲ್ಲೇ ಬಿಳಿ ಪಟ್ಟೆಯೂ ಬಂತು. ಅಧ್ಯಕ್ಷರು ಬಿಡುತ್ತಾರೆಯೇ? ಹಂಪ್ಸಿಗೆ ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಹೂವಿಟ್ಟು, ಕಾಯಿ ಒಡೆಸಿದರು. ಆಂಟಿ ಆ ಕಡೆ ತಮ್ಮ ಗೇಟು ತೆರೆದಿಟ್ಟು ಕಾದರು. ಅಮ್ಮ ಈ ಕಡೆ ಗೇಟಿನ ತನಕ ಹೋದಳು, ಚಿಲಕದ ಮೇಲೆ ಕೈಯಿಟ್ಟಳು, ಹಾಗೇ ನಿಂತಳು.

"ಗಾಡಿಗಳೇನೋ ನಿಲ್ತವೆ ಕಣೇ. ನನ್ ಕಾಲೇ ಏಳಲ್ಲ," ಎಂದು ವಾಪಸು ಬಂದು ಕೂತಳು.

ನಾನು ರೇಗಿದೆ. ಕಚೇರಿ ಅಲೆದದ್ದು, ರಜೆ ಹಾಕಿದ್ದು, ಇಂಜಿನಿಯರ್ ಜೀವ ಕೈಯಲ್ಲಿ ಹಿಡಿದು ಹಾರಿದ್ದು, ಎಲ್ಲ ಎತ್ತಿ ಆಡಿದೆ. ಅಮ್ಮ ಕೈ ನೋಡಿಕೊಂಡು ಕೂತಿದ್ದಳು. ಆಮೇಲೆ ನಾನು ಆ ವಿಷಯ ತೆಗೆಯುವುದನ್ನೇ ಬಿಟ್ಟೆ. ಕೆಲವು ಕೆಲಸಗಳು ಪಾಲಿಕೆಯಿಂದ ಆಗುವಂಥವಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ.

ಕೆಲವು ವಾರಗಳ ಮೇಲೆ ಒಂದು ದಿನ ಕಾಲೇಜು ಬೇಗ ಬಿಟ್ಟಿತು. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು, ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದ ಸ್ಕೂಟರ್ ತೆಗೆದುಕೊಂಡು ಮನೆ ಕಡೆ ಹೊರಟೆ. ಧೂಳಿಗೆಂದು ಮುಖಕ್ಕೆ ದುಪಟ್ಟಾ ಸುತ್ತಿ ಹೆಲ್ಮೆಟ್ ಹಾಕಿದ್ದೆ. ನಮ್ಮ ಹಂಪ್ಸಿಗೆ ಬ್ರೇಕು ಒತ್ತಿದೆ. ಗಾಡಿಯ ಮುಂದೆ ಒಂದು ಕೈ ಮೇಲೆದ್ದಿತು, ಗಲಾಟೆ ಮಾಡುವ ಕ್ಲಾಸನ್ನು ಸುಮ್ಮನಿರಿಸುವಾಗ ಎತ್ತುವ ಹಾಗೆ. ಓದುವ ಕನ್ನಡಕದ ಮೇಲಿನಿಂದ ನನ್ನ ಚಕ್ರವನ್ನೇ ದಿಟ್ಟಿಸುತ್ತ ಅಮ್ಮ ನಿಂತಿದ್ದಳು.

"ಬಿಳಿ ಪಟ್ಟೆ ಕಂಡ್ರೆ ನಿಲ್ಬೇಕು," ಎಂದಳು. ನನ್ನ ಗುರುತು ಸಿಕ್ಕಿರಲಿಲ್ಲ.

ನಾನು ಎರಡೂ ಕಾಲು ನೆಲಕ್ಕೂರಿ ಗಾಡಿ ನಿಲ್ಲಿಸಿದೆ. ಅಮ್ಮ ಅವಸರವಿಲ್ಲದೆ ನಡೆದಳು. ಆ ಕಡೆಯಿಂದ ಬಂದ ಗೂಡ್ಸ್ ಆಟೊದವನನ್ನೂ ಅದೇ ಕೈಯಿಂದ ನಿಲ್ಲಿಸಿ, ಆಂಟಿಯ ಗೇಟು ತಳ್ಳಿ ಒಳಗೆ ಹೋದಳು.

"ಎಲ್ಲಿ, ನಿನ್ನೆ ಬರ್ದಿಡಿ ಅಂದಿದ್ನಲ್ಲ, ತೋರ್ಸಿ," ಎಂಬ ದನಿ ರಸ್ತೆಗೆ ಕೇಳಿಸಿತು.

ನಿನ್ನೆ. ಅಂದರೆ ನಿನ್ನೆಯೂ ದಾಟಿದ್ದಾಳೆ. ಮೊನ್ನೆ, ಆಚೆ ಮೊನ್ನೆಯೂ ದಾಟಿರಬೇಕು. ನನಗೆ ಒಂದು ಮಾತೂ ಹೇಳಿಲ್ಲ. ಹೆಲ್ಮೆಟ್ಟಿನ ಒಳಗೆ ನನಗೆ ಅಳುವೂ ಬಂತು, ನಗುವೂ ಬಂತು. ಹಿಂದಿನವರು ಹಾರ್ನ್ ಹೊಡೆದರು, ಹೊಡೆದೇ ಹೊಡೆದರು. ನನ್ನ ಕೈಗೆ ಆಕ್ಸಿಲರೇಟರ್ ತಿರುಗಿಸಲು ಆಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ತಾನಾಗಿಯೇ ಶುರುಮಾಡಿದಳು.

"ಮಧ್ಯಾಹ್ನ ಯಾವಳೋ ಒಬ್ಳು ಸ್ಕೂಟರ್ನೋಳು ರಸ್ತೆ ಮಧ್ಯ ನಿಂತ್ಬಿಟ್ಟಿದ್ಲು. ನಾನ್ ದಾಟಿ ಒಳಗ್ ಹೋಗಿ ಕೂತ್ರೂ ಅಲ್ಲೇ ನಿಂತಿದಾಳೆ. ಎಂಥಾ ಜನ ಮಾರಾಯ್ತಿ."

"ಹೌದಮ್ಮ," ಎಂದು ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.